ಸಣ್ಣ ಮುಖಕ್ಕೊಂದು ಮಾಸ್ಕು

ದವಾಖಾನೆಗೆ ಹೋಗಿ ಸಿಟ್ಟಿಲ್ಲದೆ ಮನೆಗೆ ಬಂದ ದಿನ ನನಗಂತೂ ನೆನಪಿಲ್ಲ. ನನ್ನ ಮೂರು ವರ್ಷದ ಮಗನಿಗೆ ದಮ್ಮು. ಮೋಡ ಕವಿದರೆ ಸಾಕು, ಅವನ ಎದೆ ಸೀಟಿ ಹೊಡೆಯುತ್ತದೆ. ಮಶೀನಿನಿಂದ ಔಷಧಿಯ ಹೊಗೆ ಕೊಡಿಸಿದರೇನೇ ಉಸಿರು ಹಾದಿಗೆ ಬರುತ್ತದೆ. ಅದಕ್ಕಾಗಿ ನಾವು ಹೋಗುವುದು ಸುರಪುರದ ಒಂದು ಧರ್ಮಾರ್ಥ ದವಾಖಾನೆಗೆ. ಶಹಾಪುರದಲ್ಲೂ ಅದರ ಶಾಖೆಯಿದೆ. ಎರಡಕ್ಕೂ ಸಾಮಾನು ಬರುವುದು ಯಾದಗಿರಿಯ ದೊಡ್ಡ ಶಾಖೆಯಿಂದ. ಹೆಸರು ಹೇಳುವುದಿಲ್ಲ. ನಾಳೆ ಮೋಡವಾದರೆ ಮತ್ತೆ ಅಲ್ಲಿಗೇ ಹೋಗಬೇಕು.

ಬರದೇ ಇದ್ದವನು

ಮೊದಲ ಸಲ ಹೋದಾಗ ಸಿಸ್ಟರ್ ಮಗನ ಮುಖಕ್ಕೆ ದೊಡ್ಡವರ ಮಾಸ್ಕು ಹಚ್ಚಿದಳು. ಅದು ಹಣೆಯಿಂದ ಗದ್ದದ ಕೆಳಗಿನವರೆಗೂ ಬಂತು. ಒಳಗೆ ಮಗ ಎಲ್ಲಿದ್ದಾನೆಂದು ಹುಡುಕಬೇಕು. ಹೊಗೆಯೆಲ್ಲ ಸಂದಿಯಿಂದ ಹೊರಬಿದ್ದು, ಪಕ್ಕದಲ್ಲಿ ನಿಂತಿದ್ದ ಸಿಸ್ಟರಮ್ಮನ ನೆಗಡಿ ವಾಸಿಯಾಯಿತು. ಮಗನ ಸೀಟಿ ಹಾಗೇ ಉಳಿಯಿತು.

"ಸಣ್ಣ ಮಾಸ್ಕ್ ಇಲ್ಲೇನ್ರಿ?" ಎಂದೆ.

"ಇಲ್ಲಕ್ಕಾ. ಸಪ್ಲೈ ಬಂದಿಲ್ಲ."

ನಮ್ಮತ್ತೆ ಜೊತೆಗಿದ್ದರು. "ಹೋದ ತಿಂಗಳ ನನ್ನ ಗುಳಿಗಿ ಕೇಳಿದಾಗೂ ಸಪ್ಲೈ ಬಂದಿಲ್ಲ ಅಂದಿದ್ರಿ," ಎಂದು ಕನಿಕರದಿಂದ ಕೇಳಿದರು. "ಯಾಕ್ರಿ, ಅವಂಗೂ ಆರಾಮಿಲ್ಲೇನು?"

ಶಹಾಪುರದ ಮೀಸೆ

ಅಂಗಡಿಯಲ್ಲಿ ಕೊಳ್ಳೋಣವೆಂದರೆ ಬರೀ ಮಾಸ್ಕು ಮಾರುವುದಿಲ್ಲ, ಮಶೀನನ್ನೂ ತಗೋ ಎನ್ನುತ್ತಾರೆ. ಅಷ್ಟರಲ್ಲಿ ತವರಿಗೆಂದು ಶಹಾಪುರಕ್ಕೆ ಹೋದಾಗ ಮಗನಿಗೆ ಮತ್ತೆ ದಮ್ಮು ಹತ್ತಿತು. ಅಲ್ಲಿಯ ಶಾಖೆಗೆ ಓಡಿದೆ. ನೋಡಿದರೆ ಸಣ್ಣ ಮಾಸ್ಕಿನ ಡಬ್ಬಿಗಳು ಛತ್ತಿನವರೆಗೆ! ದೊಡ್ಡದು ಒಂದೂ ಇಲ್ಲ. ಗಿರಿಜಾ ಮೀಸೆಯ ಯಜಮಾನರೊಬ್ಬರು ಮೀನಿನ ಚಿತ್ರವಿದ್ದ ಮಕ್ಕಳ ಮಾಸ್ಕನ್ನು ಮೂಗಿನ ತುದಿಗೆ ಸಿಕ್ಕಿಸಿಕೊಂಡು ಕೂತಿದ್ದರು. ಮೀಸೆ ಎರಡೂ ಕಡೆ ಹೊರಗೆ. ನನ್ನ ಮಗ ಅಳುವುದನ್ನೂ ಮರೆತು ಅವರನ್ನೇ ನೋಡಿದ.

ಮಗನಿಗೆ ಆರಾಮಾದ ಮೇಲೆ ಅಲ್ಲಿಯ ಸ್ಟೋರಿನವನಿಗೆ ಹೇಳಿದೆ: "ಒಂದು ಡಬ್ಬಿ ಸುರಪುರಕ್ಕ ಕಳಸ್ರಿ."

"ಹಂಗ ಕಳಸಾಕ ಬರಂಗಿಲ್ರಿ. ಇವು ವಾಪಸ್ ಯಾದಗಿರಿಗೆ ಹೋಗಿ, ಅಲ್ಲಿಂದ ಗಾಡ್ಯಾಗ ಸುರಪುರಕ್ಕ ಬರಬೇಕು."

"ಆ ಗಾಡಿ ಯಾವ ಹಾದೀಲೆ ಬರ್ತದ?"

"ಶಹಾಪುರ ಮ್ಯಾಲಿಂದನ."

"ಅಂದ್ರ ನಿಮ್ಮ ಬಾಗಲ ಮುಂದಿಂದ?"

"ಹೌದ್ರಿ," ಎಂದ ಪುಣ್ಯಾತ್ಮ. "ಹೋಗುವಾಗ ಡ್ರೈವರ್ ಹಾರ್ನ್ ಹೊಡೀತಾನ. ನಾವೂ ಕೈ ಬೀಸ್ತೀವಿ."

ಗಾಡಿ ಬಂತು

ಸುರಪುರಕ್ಕೆ ಗಾಡಿ ಬಂದ ದಿನ ನಾನು ಅಲ್ಲೇ ಇದ್ದೆ. ನಾಲ್ಕು ಜನ ಸೇರಿ ಇಳಿಸಿದರು. ಎಲ್ಲವೂ ಬೋರ್ಡು! "ಖರ್ಚು ಕಡಿಮೆ ಮಾಡಿರಿ" ಎಂದು ಕೆಂಪು ಅಕ್ಷರದಲ್ಲಿ ಬರೆದಂಥವು. ಬಾಗಿಲಿಗೊಂದು, ಗೋಡೆಗೊಂದು, ಪಾಯಖಾನೆಗೂ ಒಂದು.

"ಮಾಸ್ಕ್ ಎಲ್ಲಿ?" ಎಂದು ಡ್ರೈವರನನ್ನು ಹಿಡಿದು ಕೇಳಿದೆ.

"ಗಾಡ್ಯಾಗ ಜಾಗಾ ಸಾಲಲಿಲ್ಲಕ್ಕಾ. ಬೋರ್ಡ್ ಇಳಿಸಿ ಖಾಲಿ ಹೋಗ್ತೀನಲ್ಲ, ಆಗ ಬೇಕಾದಷ್ಟು ಜಾಗಾ ಇರ್ತದ."

ಉಳಿತಾಯ

ಕಡೆಗೂ ಸಣ್ಣ ಮಾಸ್ಕು ಬಂದವೆಂದು ಸಿಸ್ಟರ್ ಹೇಳಿ ಕಳಿಸಿದಳು. ಅದೇ ವಾರ ಮೋಡ ಕವಿಯಿತು. ಮಗನ ಪಕ್ಕೆ ಒಳಕ್ಕೆ ಎಳೆಯತೊಡಗಿತು, ತುಟಿ ನೀಲಿಗೆ ತಿರುಗುತ್ತಿತ್ತು. ಎತ್ತಿಕೊಂಡು ಓಡಿದೆ. ಮಾಸ್ಕು ಇದ್ದವು, ಗಾಜಿನ ಕಪಾಟಿನಲ್ಲಿ ಮದುವೆ ಊಟದ ಪಂಕ್ತಿಯ ಹಾಗೆ ಸಾಲಾಗಿ ಕೂತಿದ್ದವು. ಕಪಾಟಿಗೆ ಬೀಗ.

"ಜಲ್ದಿ ತಗಿ!" ಎಂದೆ ಇಲ್ಲಿಯ ಸ್ಟೋರಿನವನಿಗೆ.

"ಸ್ವಲ್ಪ ತಡೀರಕ್ಕಾ. ಯಾದಗಿರಿಯಿಂದ ದೊಡ್ಡ ಸಾಹೇಬ್ರು ತಪಾಸಣಿಗೆ ಬರಾಕತ್ಯಾರ. ಒಂದು ತಗದ್ರ ಸಾಲಿನಾಗ ಹಲ್ಲು ಬಿದ್ದಂಗ ಕಾಣ್ತದ."

"ನಿನ್ನ ಹಲ್ಲು ಬೀಳೂದರೊಳಗ ತಗಿ!"

ಅವನು ಬೀಗದ ಕೈ ಹುಡುಕುವಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ಕಪಾಟು ಕಂಡದ್ದೇ ಅವರ ಮುಖ ಅರಳಿತು. "ಭಲೇ! ಒಂದೂ ಖರ್ಚಾಗಿಲ್ಲ! ನೋಡ್ರಿ ಎಲ್ಲಾರೂ, ಉಳಸೂದು ಅಂದ್ರ ಹಿಂಗ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ನನ್ನ ಕಡೆ ತಿರುಗಿದರು. "ಯಾಕಮ್ಮಾ, ನೀ ಚಪ್ಪಾಳಿ ಹೊಡಿಯಂಗಿಲ್ಲೇನು?"

"ಕೈಯಾಗ ಮಗ ಅದಾನ್ರಿ. ಮಾಸ್ಕ್ ಉಳಸೀರಿ, ಚಲೋ ಆತು. ಈಗ ಇವನ್ನೂ ಉಳಸ್ರಿ."

ಚಪ್ಪಾಳೆ ನಿಂತಿತು. ಮಗನ ಎದೆಯ ಸೀಟಿ ಸಾಹೇಬರಿಗೂ ಕೇಳಿಸಿತು. ಸಾಹೇಬರು ಸ್ಟೋರಿನವನ ಮೇಲೆ ಕೂಗಿದ ಕೂಗಿಗೆ ಬೀಗದ ಕೈ ಅವನ ಜೇಬಿನಲ್ಲೇ ಸಿಕ್ಕಿತು. ಮಾಸ್ಕು ಮಗನ ಮುಖಕ್ಕೆ ಅಳತೆ ತೆಗೆದು ಹೊಲಿದಂತೆ ಕೂತಿತು. ಹೊಗೆ ಒಳಗೆ ಹೋಯಿತು, ತುಟಿ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಹುಡುಗ ಕಣ್ಣು ತೆರೆದು, "ಯವ್ವಾ, ಭಜಿ," ಎಂದ. ಅಲ್ಲಿಯತನಕ ಹಲ್ಲು ಕಚ್ಚಿ ನಿಂತಿದ್ದ ನಾನು ಆಗ ಅತ್ತುಬಿಟ್ಟೆ.

ಸಾಹೇಬರ ಕಾರು ಹೋದದ್ದೇ ಸ್ಟೋರಿನವನು ಬಂದು ಕೈ ಚಾಚಿದ. "ಅಕ್ಕಾ, ಆ ಮಾಸ್ಕ್ ಕೊಡ್ರಿ. ತೊಳದು ಕಪಾಟಿನಾಗ ಇಡ್ತೀನಿ. ಮುಂದಿನ ತಪಾಸಣಿಗೆ ಸಾಲು ತುಂಬಿರಬೇಕು."

ನಾನು ಮಾಸ್ಕನ್ನು ಚೀಲಕ್ಕೆ ಹಾಕಿ, ಮಗನನ್ನು ಸೊಂಟಕ್ಕೇರಿಸಿಕೊಂಡೆ. "ನಿನ್ನ ಕಪಾಟಿಗೆ ದಮ್ಮು ಹತ್ತಿದ ದಿನ ಹೇಳಿ ಕಳಸು. ನಾನ ತಂದು ಹಚ್ತೀನಿ."