ಗಡಿಗಂಬದ ಮೆರವಣಿಗೆ

ಸವೇಲಿ ಕುಜ್ಮಿಚ್‌ನ ಗೇಟಿನ ಮುಂದಿದ್ದದ್ದು ಅಂತಿಂಥ ಹೊಂಡವಲ್ಲ. ಹಿಮ ಕರಗಿದ ಮೇಲೆ ಅದರಲ್ಲಿ ಬಾತುಕೋಳಿಗಳು ಸಂಸಾರ ಹೂಡುತ್ತಿದ್ದವು. ಹೋದ ವಾರ ಅದು ಅವನ ಹೆಂಡತಿ ರಯೀಸಾಳ ಎಡಗಾಲಿನ ಬೂಟನ್ನು ನುಂಗಿ ತೇಗಿತು.

"ಒಂದೋ ಈ ಹೊಂಡ ಇರ್ಬೇಕು, ಇಲ್ಲ ನಾನಿರ್ಬೇಕು!" ಎಂದವಳೇ ಬಸ್ಸು ಹತ್ತಿ ಪಟ್ಟಣದ ತಂಗಿಯ ಮನೆ ಸೇರಿದಳು. "ಶನಿವಾರ ಸಂಜೆ ಬಸ್ಸಿಗೆ ಬರ್ತೀನಿ. ಇಳಿಯೋ ಜಾಗದಲ್ಲಿ ಕೆಸರು ಕಂಡ್ರೆ ಅದೇ ಬಸ್ಸಲ್ಲಿ ವಾಪಸ್ಸು. ಆಮೇಲೆ ನೀನೂ ನಿನ್ನ ಬಾತುಕೋಳೀನೂ ಸಂಸಾರ ಮಾಡ್ಕೊಳ್ಳಿ."

ಇವತ್ತು ಶನಿವಾರ. ಸವೇಲಿಯ ತಲೆ ಚಹಾ ಕುದಿಯುವ ಸಮೋವರ್‌ನ ಹಾಗೆ ಬುಸುಗುಡುತ್ತಿತ್ತು.

ಅವನು ಅರ್ಜಿ ಹಾಕದ ಕಚೇರಿಯಿಲ್ಲ. ಕ್ರಿವೂಶಿ ಹಳ್ಳಿ ಲುಗೋವ್ ಒಬ್ಲಾಸ್ತಿನ, ಅಂದರೆ ಪ್ರಾಂತದ, ಕಟ್ಟಕಡೆಯ ಹಳ್ಳಿ. ಸವೇಲಿಯದು ಆ ಹಳ್ಳಿಯ ಕಟ್ಟಕಡೆಯ ಮನೆ. ಗೇಟಿನ ಪಕ್ಕದಲ್ಲೇ ಗಡಿಯ ನೀಲಿ ಫಲಕ, ಅದರಾಚೆ ಜರೇನ್ಸ್ಕ್ ಒಬ್ಲಾಸ್ತ್. ಪಟ್ಟಣದ ಬಸ್ಸು ಸಹ ಆ ಫಲಕಕ್ಕೆ ಮೂಗು ತಾಗಿಸಿ ಹಿಂದಕ್ಕೆ ತಿರುಗುತ್ತಿತ್ತು. ಹೊಂಡ ಮಾತ್ರ ಫಲಕದ ಬುಡದಲ್ಲಿ ಎರಡೂ ಕಡೆ ಕಾಲು ಚಾಚಿ ಮಲಗಿತ್ತು. "ಅಯ್ಯೋ, ಅದು ಆಚೆಯವರದ್ದು" ಎಂದು ಈಚೆಯವರು ಮೂಗಿನಲ್ಲಿ ರಾಗ ಎಳೆದರೆ, "ಈಚೆಯವರನ್ನ ಕೇಳ್ರೀ" ಎಂದು ಆಚೆಯವರು ಗಂಟಲಲ್ಲಿ ಗೊರಕೆ ಹೊಡೆದರು. ಪ್ರಾಂತಕ್ಕೊಬ್ಬ ಗವರ್ನರ್, ಗವರ್ನರಿಗೊಂದು ಅರಮನೆ. ಹೊಂಡ ಮಾತ್ರ ಅನಾಥ!

ಆದರೆ ಈವತ್ತು ಮಧ್ಯಾಹ್ನ ಜರೇನ್ಸ್ಕ್ ಗವರ್ನರ್ ತಮ್ಮ ಹೊಸ ರಸ್ತೆಯ ರಿಬ್ಬನ್ ಕತ್ತರಿಸಲು ಗಡಿಗೆ ಬರುವವರಿದ್ದರು. ಬೆಳಗಿನಿಂದ ಆಚೆ ಕಡೆ ಡಾಂಬರು ಹೊಗೆಯಾಡುತ್ತಿತ್ತು.

"ಸ್ವಾಮಿ, ಒಂದು ಗಾಡಿ ಈ ಹೊಂಡಕ್ಕೂ ಸುರೀರಿ" ಎಂದು ಸವೇಲಿ ಮೇಸ್ತ್ರಿಯ ಮುಂದೆ ಟೊಪ್ಪಿ ತೆಗೆದ.

"ಫಲಕದ ತನಕ ಹಾಕು ಅಂತ ಅಪ್ಪಣೆ. ದಾಟಿ ಒಂದು ಸೌಟು ಬಿದ್ರೂ ನನ್ನ ಕೆಲಸ ಹೋಗುತ್ತೆ" ಎಂದ ಮೇಸ್ತ್ರಿ, ಆಳುಗಳನ್ನು ಕರೆದುಕೊಂಡು ತಿಂಡಿಗೆ ಹೋದ.

ಫಲಕದ ತನಕ! ಸವೇಲಿ ಫಲಕವನ್ನು ನೋಡಿದ. ಫಲಕ ಸವೇಲಿಯನ್ನು ನೋಡಿತು. ಮರುಗಳಿಗೆ ಅವನು ಅದನ್ನು ಮೂಲಂಗಿ ಕಿತ್ತ ಹಾಗೆ ಕಿತ್ತು, ಹೊಂಡದಿಂದ ಈಚೆ, ತನ್ನ ಬೇಲಿಯ ಕೊನೆಗೆ ತಂದು ನೆಟ್ಟ.

"ಏನಯ್ಯಾ ಕುಜ್ಮಿಚ್, ನಿನ್ನ ಗೇಟಿಗೊಂದೇ ಡಾಂಬರಾ?" ಪಕ್ಕದ ಮನೆಯ ಅಗ್ರಿಪ್ಪಿನ ಅಜ್ಜಿ ಬೇಲಿಯ ಮೇಲಿಂದ ಕತ್ತು ಚಾಚಿದಳು. "ನನ್ನ ಹಸು ಏನು ಕೆಸರಲ್ಲಿ ಹುಟ್ಟಿದ್ದಾ? ನನ್ನ ಮನೆ ದಾಟ್ಸು. ಇಲ್ದಿದ್ರೆ ಗವರ್ನರ್ ಮುಂದೆ ಕಿರುಚ್ತೀನಿ."

ಹಲ್ಲು ಕಡಿಯುತ್ತ ಸವೇಲಿ ದಾಟಿಸಿದ. ಅಷ್ಟರಲ್ಲಿ ನಿವೃತ್ತ ಟ್ರ್ಯಾಕ್ಟರ್ ಡ್ರೈವರ್ ಮಕಾರ್ ಫೋಮಿಚ್ ಪೈಪು ಕಚ್ಚಿಕೊಂಡು ಬಂದ.

"ನಮ್ಮನೆ ಯಾವ ಪಾಪ ಮಾಡಿತ್ತಪ್ಪಾ?"

"ನನಗೆ ಬೇಕಾದ್ದು ಒಂದು ಹೊಂಡ ಮುಚ್ಚೋದು ಕಣೋ! ಊರಿನ ಮದುವೆ ಅಲ್ಲ!"

"ಹಾಗಾದ್ರೆ ನಾನೂ ಕಿರುಚ್ತೀನಿ. ಅಜ್ಜಿಗಿಂತ ನನ್ನ ಗಂಟಲು ದೊಡ್ಡದು."

ಹೀಗೆ ಗಡಿ ಮನೆಯಿಂದ ಮನೆಗೆ ಮೆರವಣಿಗೆ ಹೊರಟಿತು. ಹೆಗಲು ಸವೇಲಿಯದು, ಸಲಹೆ ಊರಿನದು. ಕೊನೆಗೆ ಹಳ್ಳಿಯ ಇನ್ನೊಂದು ತುದಿಯಲ್ಲಿ, ಜೌಗಿನ ಅಂಚಿನಲ್ಲಿ, ಇಡೀ ಕ್ರಿವೂಶಿಯನ್ನು ಪ್ರಾಂತಾಂತರ ಮಾಡಿಯೇ ಫಲಕ ನಿಂತಿತು.

ತಿಂಡಿ ಮುಗಿಸಿ ಬಂದ ಮೇಸ್ತ್ರಿ ಕಣ್ಣುಜ್ಜಿಕೊಂಡ. "ಫಲಕ ಇಷ್ಟು ದೂರ ಇತ್ತಾ?"

"ಹುಟ್ಟಿದಾಗಿಂದ ಅಲ್ಲೇ ಇದೆ" ಎಂದಿತು ಊರು ಒಕ್ಕೊರಲಿನಿಂದ.

ಗವರ್ನರ್ ಬರುತ್ತಾರೆಂದರೆ ಡಾಂಬರು ಪಾತಾಳದಿಂದಲೂ ಉಕ್ಕುತ್ತದೆ. ಹೊಂಡ ಮುಚ್ಚಿತು, ಬೀದಿ ಕನ್ನಡಿಯಾಯಿತು. ಅಲುಗಾಡುತ್ತಿದ್ದ ಫಲಕದ ಬುಡಕ್ಕೆ ಕಾಂಕ್ರೀಟು ಬಿತ್ತು. ಗವರ್ನರ್ ಬಂದರು, ಸ್ವಾಗತದ ಸಂಪ್ರದಾಯದಂತೆ ಅಜ್ಜಿ ಕೊಟ್ಟ ಬ್ರೆಡ್ಡನ್ನು ಉಪ್ಪಿಗೆ ಅದ್ದಿ ತಿಂದರು, "ಅನಾದಿ ಕಾಲದಿಂದ ನಮ್ಮದೇ ಆದ ಈ ಕ್ರಿವೂಶಿ..." ಎಂದು ಗದ್ಗದಿತರಾದರು.

ಸಂಜೆ ಸವೇಲಿ ಗಡ್ಡ ಬೋಳಿಸಿ, ತಲೆ ಬಾಚಿ, ತನ್ನ ಗೇಟಿನ ಮುಂದೆ ಡಾಂಬರಿನ ಮೇಲೆ ಮದುಮಗನ ಹಾಗೆ ನಿಂತ. ದೂರದಲ್ಲಿ ಬಸ್ಸು ಕಂಡಿತು. ಬಂತು, ಬಂತು... ಜೌಗಿನ ಬಳಿ ಗಕ್ಕನೆ ನಿಂತಿತು!

"ಬಾರಯ್ಯಾ ಮುಂದಕ್ಕೆ!" ಎಂದು ಅರಚುತ್ತ ಸವೇಲಿ ಓಡಿದ.

"ಎಲ್ಲಿಗೆ ಬರ್ಲಿ? ಫಲಕಕ್ಕೆ ನಮ್ಮ ಒಬ್ಲಾಸ್ತ್ ಮುಗೀತು. ದಾಟಿದ್ರೆ ನನ್ನ ಲೈಸೆನ್ಸ್ ಮುಗಿಯುತ್ತೆ" ಎಂದ ಡ್ರೈವರ್.

ಬಾಗಿಲಲ್ಲಿ ರಯೀಸಾ, ಕಾಲಲ್ಲಿ ಹೊಸ ಬೂಟು. ಕೆಳಗೆ ಮೊಣಕಾಲುದ್ದ ಕಪ್ಪು ರಾಡಿ.

"ಒಂದು ಹೊಂಡ ಮುಚ್ಚೋ ಅಂದ್ರೆ, ನನ್ನನ್ನ ಕೆರೇಲಿ ಇಳಿಸ್ತೀಯೇನೋ ಕಟುಕ?"

"ರಯೀಸಾ, ಮನೆ ಮುಂದೆ ಬಂದು ನೋಡೇ, ಕನ್ನಡಿ ಥರ ಇದೆ!"

"ನೋಡ್ಕೋ, ನಿನ್ನ ಮುಖಾನೇ ನೋಡ್ಕೋ!"

ಬಾಗಿಲು ಮುಚ್ಚಿತು. ಬಸ್ಸು ತಿರುಗುವಾಗ ಅವನ ಬೋಳಿಸಿದ ಗಡ್ಡದ ಜಾಗಕ್ಕೆ ಕೆಸರಿನ ಹೊಸ ಗಡ್ಡ ಮೆತ್ತಿ ಹೋಯಿತು.

"ಯಾವನೋ ಈ ಫಲಕ ಕಿತ್ತು ತಂದೋನು? ಇನ್ಮೇಲೆ ಬಸ್ಸಿಗೆ ಇಲ್ಲೀ ತನಕ ನಡೀಬೇಕಾ?" ಹಿಂದಿನಿಂದ ಅಗ್ರಿಪ್ಪಿನ ಅಜ್ಜಿ ಕಿರುಚಿದಳು. ಊರೆಲ್ಲ ಸವೇಲಿಯತ್ತ ಬೆರಳು ತೋರಿತು.

ಉರಿದೆದ್ದ ಸವೇಲಿ ಫಲಕವನ್ನು ತಬ್ಬಿ ಹಿಡಿದು, ಹುಟ್ಟಿಸಿದ ದೇವರಿಂದ ಹಿಡಿದು ಇಬ್ಬರು ಗವರ್ನರುಗಳವರೆಗೂ ಬೈಯುತ್ತ, ಜೀವ ಬಿಟ್ಟು ಜಗ್ಗಿದ. ಕಾಂಕ್ರೀಟು ಕದಲಲಿಲ್ಲ. ಆ ಸೀಮೆಯಲ್ಲಿ ಮೊಟ್ಟಮೊದಲ ಬಾರಿಗೆ ಒಂದು ಸರ್ಕಾರಿ ಕೆಲಸ ಗಟ್ಟಿಯಾಗಿತ್ತು.