ಅಳಿಯನ ಗ್ಯಾಸು, ನನ್ನ ಸಿಲಿಂಡರು

ನಾನು ತಾತ ಆಗಿದ್ದೇನೆ. ಮೊನ್ನೆ ನನ್ನ ಮಗಳು ಭವ್ಯಾಗೆ ಕೋಲಾರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಆಯಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಮಗು ನನ್ನ ಥರಾನೇ ಇದೆ ಅಂತ ನಾನೆಂದೆ. “ತಲೆ ಮೇಲೆ ಕೂದಲಿಲ್ಲ, ಅದನ್ನ ನೋಡಿ ಹೇಳ್ತಿದ್ದೀರಾ?” ಅಂತ ನನ್ನ ಹೆಂಡತಿ ನಾರಾಯಣಮ್ಮ ಕೇಳಿದಳು. ಸಂತೋಷದಲ್ಲಿರುವ ಗಂಡಸು ಇಂಥ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಟೇಕಲ್ ಕಡೆ ನಮ್ಮೂರಿನಲ್ಲಿ ಎದುರು ಸಿಕ್ಕಿದವರಿಗೆಲ್ಲ ಸುದ್ದಿ ಹೇಳಿಯಾಯಿತು. ಎರಡನೇ ಸಲ ಹೇಳಲು ಹೋದರೆ ಜನ ದಾರಿ ಬದಲಾಯಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಗಾಡಿಗಳ ಇಂಗ್ಲಿಷು ಪೂರಾ ಬರುತ್ತದೆ ಎಂಬ ಧೈರ್ಯ ಇತ್ತು. ಲಾರಿ, ಪೆಟ್ರೋಲು, ಬಾನೆಟ್ಟು, ಡಿಕ್ಕಿ. ರೈತನಿಗೆ ಇನ್ನೆಷ್ಟು ಬೇಕು? ಆ ಧೈರ್ಯವನ್ನು ಅಲ್ಲಾಡಿಸಿದವನು ಅಳಿಯ ಮಂಜುನಾಥ. ಅವನ ಕೆಲಸ ಕೇಳಿದರೆ ನೀವು ನಂಬುವುದಿಲ್ಲ. ಅಮೆರಿಕದಲ್ಲಿ ಯಾರದಾದರೂ ಕಾರು ನಡುರಸ್ತೆಯಲ್ಲಿ ಕೆಟ್ಟು ನಿಂತರೆ ಅವರು ಮಾಲೂರಿನಲ್ಲಿ ಕೂತಿರುವ ನಮ್ಮ ಮಂಜುನಾಥನಿಗೆ ಫೋನ್ ಮಾಡುತ್ತಾರೆ. ಇವನು ಇಲ್ಲಿಂದಲೇ ಅವರಿಗೆ ಸಮಾಧಾನ ಹೇಳಿ, ಅಲ್ಲಿಯ ಮೆಕ್ಯಾನಿಕ್ಕನ್ನು ಕಳಿಸಬೇಕು. ಅವರ ಮಾತು ಬೇರೆಯಂತೆ. ಲಾರಿ ಅಂದರೆ ಅವರಿಗೆ ತಿಳಿಯದು, ಟ್ರಕ್ಕು ಅನ್ನಬೇಕು. ಬಾನೆಟ್ಟಿಗೆ ಹುಡ್ ಅನ್ನಬೇಕು. ಡಿಕ್ಕಿಗೆ ಟ್ರಂಕು. ನಮ್ಮಲ್ಲಿ ಟ್ರಂಕು ಅಂದರೆ ಮದುವೆ ಸೀರೆ, ಜಮೀನಿನ ಪತ್ರ ಇಡುವ ತಗಡಿನ ಪೆಟ್ಟಿಗೆ. “ಇಂಗ್ಲೆಂಡಿನವರು ಅದಕ್ಕೇ ಬೂಟು ಅಂತಾರೆ ಮಾವ” ಅಂದ. ಬೂಟಿನೊಳಗೆ ಸಾಮಾನು ಇಡುವವರು ನಮ್ಮನ್ನು ಅಷ್ಟು ಕಾಲ ಹೇಗೆ ಆಳಿದರೋ. ಹಾಗಂತ ನಮ್ಮ ಡಿಕ್ಕಿಯೂ ಸಾಚಾ ಅಲ್ಲ. ಹಿಂದೊಮ್ಮೆ ನಾನು ನಾದಿನಿಗೆ ಫೋನ್ ಮಾಡಿ “ಕಾರಿನ ಡಿಕ್ಕಿ ಆಯ್ತು, ಇನ್ನು ಸೀಟ್ ಮೇಲೆ ಇಡಬೇಕು” ಅಂದಿದ್ದೆ. ಡಿಕ್ಕಿ ತುಂಬಿತು ಅನ್ನಬೇಕಿತ್ತು. ಯಾರನ್ನು ಸೀಟ್ ಮೇಲೆ ಇಡಬೇಕು ಅಂತ ಆಕೆ ಅಳುವುದಕ್ಕೇ ಶುರುಮಾಡಿದಳು.

ಇರಲಿ, ವಿಷಯಕ್ಕೆ ಬರುತ್ತೇನೆ. ಚೊಚ್ಚಲ ಹೆರಿಗೆಗೆ ಭವ್ಯಾ ನಮ್ಮ ಮನೆಗೆ ಬಂದಿದ್ದಳು. ಮಗು ಸ್ವಲ್ಪ ಅಡ್ಡ ಇದೆ, ನೋವು ಶುರುವಾದ ಮೇಲೆ ಗಳಿಗೆಯೂ ತಡ ಮಾಡಬೇಡಿ ಅಂತ ಡಾಕ್ಟ್ರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಮೊನ್ನೆ ಹೊತ್ತು ಹುಟ್ಟುವಾಗಲೇ ನೋವು ಬಂತು. ಪುಣ್ಯಕ್ಕೆ ಮಂಜುನಾಥ ಹಿಂದಿನ ದಿನವೇ ಕಾರು ತಂದಿದ್ದ. ಅವಳನ್ನೂ ನಾರಾಯಣಮ್ಮನನ್ನೂ ಕೂರಿಸಿಕೊಂಡು ಹೊರಟ. ರೇಷ್ಮೆಹುಳಕ್ಕೆ ಸೊಪ್ಪು ಹಾಕಿ ಮೊಪೆಡ್ಡಿನಲ್ಲಿ ಹಿಂದೆಯೇ ಬರುತ್ತೇನೆ ಅಂತ ನಾನು ಉಳಿದೆ. ಸೊಪ್ಪು ಹಾಕಿ ಕೈ ತೊಳೆಯುತ್ತಿದ್ದೆ, ಫೋನ್ ಬಂತು.

“ಮಾವ, ಮೊದಲು ಹೇಳಿ, ನೀವು ಸುರಕ್ಷಿತವಾದ ಜಾಗದಲ್ಲಿದ್ದೀರಾ?”

“ಹುಳದ ಮನೆ ಮುಂದೆ ಇದ್ದೀನಪ್ಪ. ಯಾಕೆ?”

ಅಭ್ಯಾಸಬಲ. ಗಾಬರಿಯಾದಾಗ ಪಾಪ ಅವನಿಗೆ ಆಫೀಸಿನ ಮಾತೇ ಬಾಯಿಗೆ ಬರುವುದು. “ರೈಲ್ವೆ ಗೇಟ್ ಹತ್ರ ಜಾಮ್ ಆಗಿದೆ ಮಾವ. ಏಸಿ ಹಾಕ್ಕೊಂಡು ನಿಂತು ನಿಂತು ಗಾಡಿ ಆಫ್ ಆಗೋಯ್ತು. ಗ್ಯಾಸ್ ಖಾಲಿ. ಹೇಗಾದ್ರೂ ಮಾಡಿ ಗ್ಯಾಸ್ ತಗೊಂಡು ಬನ್ನಿ” ಅಂದು ಫೋನ್ ಇಟ್ಟ. ಹಿಂದಿನಿಂದ ಭವ್ಯಾ ನರಳುವುದು ಕೇಳಿಸಿತು.

ಆ ದನಿ ಕೇಳಿದ ಮೇಲೆ ಯೋಚನೆ ಮಾಡುವ ಮನುಷ್ಯ ನಾನಲ್ಲ. ಮಾಲೂರಿನ ಆಟೋಗಳೆಲ್ಲ ಗ್ಯಾಸಿನಲ್ಲೇ ಓಡುತ್ತವೆ, ಅಳಿಯನ ಕಾರೂ ಹಾಗೇ ಇರಬೇಕು ಅಂದುಕೊಂಡೆ. ಅಡುಗೆಮನೆಗೆ ನುಗ್ಗಿ, ಎತ್ತಿಟ್ಟಿದ್ದ ತುಂಬಿದ ಸಿಲಿಂಡರನ್ನು ಮೊಪೆಡ್ಡಿನ ಮುಂದೆ ಕಾಲ ಹತ್ತಿರ ಇಟ್ಟು ಹಗ್ಗ ಬಿಗಿದು ಹೊರಟೆ. ಸೊಸೆ ಬಾಗಿಲಲ್ಲಿ ನಿಂತು, “ಮಾವ, ಆಸ್ಪತ್ರೇಲಿ ಅಡುಗೆ ಮಾಡಕ್ಕೆ ಬಿಡ್ತಾರಾ?” ಅಂತ ಕೂಗಿದಳು. ಅವಳಿಗೆ ಉತ್ತರ ಕೊಡುತ್ತಾ ಕೂರುವ ಹೊತ್ತೇ ಅದು?

ನಮ್ಮ ಗೇಟಿನ ಜಾಮನ್ನು ಓದುಗರು ನೋಡಿರಲಾರರು. ಗೇಟು ಮುಚ್ಚಿದ ತಕ್ಷಣ ಈ ಕಡೆಯವರು ರಸ್ತೆಯ ಅಗಲಕ್ಕೂ ನಿಲ್ಲುತ್ತಾರೆ, ಆ ಕಡೆಯವರೂ ನಿಲ್ಲುತ್ತಾರೆ. ಗೇಟು ಎತ್ತಿದಾಗ ಎರಡು ಸೈನ್ಯ ಎದುರುಬದುರು. ನಡುವೆ ಮಾಲೂರಿನ ಇಟ್ಟಿಗೆ ಲಾರಿ, ಟೊಮೇಟೊ ಟೆಂಪೊ, ಸ್ಕೂಲ್ ಬಸ್ಸು. ಎಲ್ಲರೂ ಹಾರ್ನ್ ಹೊಡೆಯುತ್ತಾರೆ, ಯಾರೂ ಹಿಂದಕ್ಕೆ ಹೋಗುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ ಗ್ರಿಡ್‌ಲಾಕ್ ಅಂತಾರಂತೆ. ನಮ್ಮ ಹಾರ್ನುಗಳ ನಡುವೆ ಯಾವ ಹೆಸರಿಟ್ಟರೂ ಒಂದೇ.

ನಾನು ಅದರೊಳಗೆ ಮೊಪೆಡ್ ನುಗ್ಗಿಸಿ, “ಗ್ಯಾಸು, ಗ್ಯಾಸು, ದಾರಿ ಬಿಡ್ರಪ್ಪ” ಅಂತ ಕೂಗಿಕೊಂಡು ಹೋದೆ. ಇಟ್ಟಿಗೆ ಲಾರಿಯ ಡ್ರೈವರು ಸಿಲಿಂಡರ್ ನೋಡಿ ಬೀಡಿಯನ್ನು ಹೊಸಕಿ ಬಿಸಾಡಿದ. “ಏನ್ ಯಜಮಾನ್ರೇ, ಲೀಕಾ?”

“ಪೂರ್ತಿ ಖಾಲಿಯಂತೆ ಕಣಪ್ಪ. ಹೆರಿಗೆ ನೋವು.”

ಅವನಿಗೆ ಏನು ಅರ್ಥವಾಯಿತೋ, ಕ್ಲೀನರಿಗೆ “ಲೇ, ಇಳಿಯೋ, ರಿವರ್ಸ್ ಹೇಳೋ” ಅಂತ ಕೂಗಿದ. ಲಾರಿ ಹಿಂದೆ ಸರಿಯಿತು. ಅದನ್ನು ನೋಡಿ ಟೆಂಪೊ ಸರಿಯಿತು, ಬಸ್ಸೂ ಒಂದು ಪಕ್ಕಕ್ಕೆ ವಾಲಿತು. ನಾನು ಮೆರವಣಿಗೆಯ ದೇವರ ಹಾಗೆ ನಡುವೆ ಹೋದೆ.

ಅಳಿಯ ನನ್ನನ್ನು ನೋಡಿದ, ಸಿಲಿಂಡರನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. “ಮಾವ, ಇದೇನು?”

“ನೀನೇ ಹೇಳಿದ್ಯಲ್ಲಪ್ಪ, ಗ್ಯಾಸು.”

ಅವನು ಹಣೆ ಚಚ್ಚಿಕೊಂಡ. “ಅಯ್ಯೋ, ಪೆಟ್ರೋಲು ಮಾವ. ಅವರು ಪೆಟ್ರೋಲಿಗೆ ಗ್ಯಾಸ್ ಅಂತಾರೆ.”

“ಅವರು ಅಂದ್ಕೊಳ್ಳಲಿ. ನೀನು ನಮ್ಮ ಅಳಿಯ ಅಲ್ವೇನೋ?”

ಹಿಂದಿನ ಸೀಟಿನಲ್ಲಿ ಭವ್ಯಾ ನೋವಿನ ನಡುವೆಯೇ ನಗಲು ಹೋಗಿ, ಮತ್ತೆ ಅಮ್ಮಾ ಅಂದಳು. ಅವಳ ಮುಖ ಬೆವೆತು ಬಿಳಿಚಿಕೊಂಡಿತ್ತು. ಆಗ ನಾರಾಯಣಮ್ಮ ಕಿಟಕಿಯಿಂದ ತಲೆ ಹಾಕಿ, “ಜಗಳ ಆಮೇಲೆ ಆಡ್ರಿ. ನೀವು ಕೂತ್ಕೊಂಡ್ ಬಂದ ಗಾಡೀಲಿ ಇರೋದೇನು, ಮಜ್ಜಿಗೇನಾ?” ಅಂದಳು.

ಮೊಪೆಡ್ಡಿನ ಪೈಪು ಕಿತ್ತು, ನೀರಿನ ಬಾಟಲಿಗೆ ಪೆಟ್ರೋಲು ಇಳಿಸಿ ಕಾರಿಗೆ ಸುರಿದೆವು. ಒಂದೆರಡು ಸಲ ಕೆಮ್ಮಿ ಕಾರು ಹೊರಟಿತು. ನನಗಾಗಿ ಬಿಟ್ಟ ದಾರಿ ಇನ್ನೂ ಮುಚ್ಚಿರಲಿಲ್ಲ, ಅದರಲ್ಲೇ ತೂರಿಹೋಯಿತು. ಪೆಟ್ರೋಲಿಲ್ಲದ ಮೊಪೆಡ್ಡು, ತುಂಬಿದ ಸಿಲಿಂಡರು, ನಾನು, ಮೂವರೂ ಅಲ್ಲೇ ಉಳಿದೆವು. ಕೊನೆಗೆ ಅದೇ ಇಟ್ಟಿಗೆ ಲಾರಿಯವನು ಮೂವರನ್ನೂ ಹತ್ತಿಸಿಕೊಂಡ. ಆಸ್ಪತ್ರೆ ಬಾಗಿಲಲ್ಲಿ ವಾಚ್‌ಮನ್ನು, “ಆಕ್ಸಿಜನ್ ಹಿಂದಿನ ಗೇಟಿಗೆ” ಅಂದ. ಸಿಲಿಂಡರನ್ನು ಎದುರಿನ ಟೀ ಅಂಗಡಿಯವನಿಗೆ ಒಪ್ಪಿಸಿ ಮೆಟ್ಟಿಲು ಹತ್ತುವಷ್ಟರಲ್ಲಿ ಮೇಲಿನಿಂದ ಅಳು ಕೇಳಿಸಿತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟ ಇತ್ತು ಅಂದರು ಡಾಕ್ಟ್ರಮ್ಮ. ನಾನು ಗೋಡೆಗೆ ಮುಖ ಮಾಡಿ ನಿಂತು ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡೆ.

ಸಂಜೆ ಮಗ, ಸೊಸೆ ಡಬ್ಬಿಗಳಲ್ಲಿ ಊಟ ತಂದರು. ಆಸ್ಪತ್ರೆ ರೂಮಿನಲ್ಲೇ ಚಾಪೆ ಹಾಸಿ ಎಲ್ಲರೂ ಕೂತೆವು. ನಮಗೆ ಮುದ್ದೆ, ಬಸ್ಸಾರು. ಬಾಣಂತಿಗೆ ಮೆಣಸಿನ ಸಾರು, ಅನ್ನ. ಮಗು ಬಟ್ಟೆಯೊಳಗೆ ನಿದ್ದೆ ಹೋಗಿತ್ತು. ಇವಳಿಗೆ ಯಾವ ಇಂಗ್ಲಿಷು ಕಲಿಸಬೇಕು ಎಂದು ನಾನು ವಿವರವಾಗಿ ಹೇಳುತ್ತಿದ್ದೆ. ಲಾರಿ ಯಾಕೆ ಸರಿ, ಟ್ರಕ್ಕು ಯಾಕೆ ತಪ್ಪು, ನಾನು ಸರಿಯಾದ ಹೊತ್ತಿಗೆ ಸಿಲಿಂಡರ್ ತಂದದ್ದರಿಂದಲೇ ದಾರಿ ಹೇಗೆ ಬಿಟ್ಟಿತು, ಎಲ್ಲ. ಅಳಿಯ ತಲೆ ತಗ್ಗಿಸಿ ಕೇಳುತ್ತಿದ್ದ. ವಿನಯ ಅಂದುಕೊಂಡೆ. ಬಗ್ಗಿ ನೋಡಿದರೆ ಬಸ್ಸಾರಿನ ತಳ ಬಳಿಯುತ್ತಿದ್ದ.

“ಎಲ್ಲರದ್ದೂ ಆಯ್ತು, ಇನ್ನು ನೀವೊಬ್ಬರೇ” ಅಂದಳು ನಾರಾಯಣಮ್ಮ. ಅವತ್ತು ಇಡೀ ಸಂಸಾರ ಒಟ್ಟಿಗೆ ಕೂತು ಉಂಡಿತು ಅಂತ ಊರಿಗೆಲ್ಲ ಹೇಳಿದ್ದೇನೆ. ಸರಿಯಾಗಿ ಹೇಳಬೇಕೆಂದರೆ ಅವರು ಉಂಡರು, ನಾನು ಮಾತಾಡಿದೆ. ಮುದ್ದೆ ನನ್ನ ತಟ್ಟೆಯಲ್ಲಿ ಆರಿ ಕಲ್ಲಾಗಿತ್ತು.