ಮಾನ್ವಿ, ದೇವದುರ್ಗದ ನಡುವೆ ನಾನು ಹಾಕಿದ ಬೀಗ

ಆಫೀಸಿನಲ್ಲಿ ಜನ ಕಂಪ್ಯೂಟರಿನಲ್ಲಿ ಏನು ನೋಡುತ್ತಾರೆಂದು ತಿಳಿಯಬೇಕಾದರೆ ಅವರನ್ನು ಕೇಳಬಾರದು, ನೆಟ್ ಬಂದ್ ಮಾಡಬೇಕು. ಆಗ ಅವರೇ ಫೋನ್ ಮಾಡಿ ಹೇಳುತ್ತಾರೆ. ನಾನು ರಾಯಚೂರಿನ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೂತು ಮಾನ್ವಿ, ದೇವದುರ್ಗದ ಶಾಖೆಗಳ ನೆಟ್ಟನ್ನೂ ನೋಡಿಕೊಳ್ಳುವವಳು. ನನಗೆ ಇಂಥ ಫೋನ್ ಬರದ ದಿನವಿಲ್ಲ. ಕುತೂಹಲ ನನಗೆ ಮೊದಲೇ ಜಾಸ್ತಿ, ಹಾಗಾಗಿ ಬೇಸರವೂ ಇಲ್ಲ.

ಮಂಗಳಾರತಿ

ಒಂದು ದಿನ ಗಿರಣಿಯ ಸಾವುಕಾರ್ರು ಕರೆದರು.

"ಬಿಲ್ ಕಳಿಸಾಕ ಕುಂತ್ರ ಬರೇ ಚಕ್ರ ತಿರಗತದ. ಕೆಲಸದ ಸೈಟ್ ಬಿಟ್ಟು ಉಳಿದದ್ದು ಪೂರಾ ಬಂದ್ ಮಾಡವ್ವ."

ಮಾಡಿದೆ. ಮರುದಿನ ಬೆಳಿಗ್ಗೆ ಮಾನ್ವಿ ಶಾಖೆಯ ಅಕೌಂಟೆಂಟರ ಫೋನ್ ಬಂತು. ಮಲ್ಲಟ ಎಂಬ ಊರಿನವರು, ಹಿರಿಯರು, ನನ್ನನ್ನು ಕರೆಯುವುದೇ "ಯವ್ವಾ" ಎಂದು.

"ಯವ್ವಾ, ಮಠದ ಮಂಗಳಾರತಿ ಬರವಲ್ದು. ಕಾಟಾ ಹೆಂಗ ಸುರು ಮಾಡ್ಲಿ?"

ಅಲ್ಲಿಯ ಪದ್ಧತಿ ನನಗೆ ಗೊತ್ತೇ ಇರಲಿಲ್ಲ. ದಿನಾ ಕಂಪ್ಯೂಟರಿನಲ್ಲಿ ಮಠದ ಮಂಗಳಾರತಿ ನೋಡಿ, ಪರದೆಗೆ ಕೈಮುಗಿದ ಮೇಲೆಯೇ ತೂಕದ ಕಾಟಾಕ್ಕೆ ಮೊದಲ ಲಾರಿ ಹತ್ತಬೇಕು. ಭತ್ತದ ಲಾರಿಗಳು ರಸ್ತೆಯವರೆಗೂ ನಿಂತಿದ್ದವು. ಡ್ರೈವರುಗಳಿಗೂ ಅವಸರವಿಲ್ಲ, "ಆರತಿ ಆಗ್ಲಿ ಬಿಡ್ರಿ" ಎಂದು ಚಹಾ ಕುಡಿಯುತ್ತ ಕೂತಿದ್ದರಂತೆ. ನಾನು ಸಾವುಕಾರ್ರಿಗೆ ಹೇಳಿ ಮಾನ್ವಿಯೊಂದಕ್ಕೆ ವಿಡಿಯೋ ಸೈಟ್ ತೆರೆದೆ.

ವಾರದೊಳಗೆ ಮಾನ್ವಿಯ ಮಂಗಳಾರತಿ ಮಧ್ಯಾಹ್ನದ ಊಟದವರೆಗೂ ನಡೆಯತೊಡಗಿತು. ನನ್ನ ಪರದೆಯಲ್ಲಿ ನೋಡಿದರೆ ಕೆಲವು ದಿನ ಅದರಲ್ಲಿ ಕ್ರಿಕೆಟ್ಟೂ ಇತ್ತು.

ಕೆಲಸದ ಸೈಟು

ಮತ್ತೆ ಅದೇ ಅಕೌಂಟೆಂಟರು. ಈ ಸಲ ದನಿ ತಗ್ಗಿತ್ತು.

"ಯವ್ವಾ, ಲಗ್ನದ ಸೈಟ್ ಜರಾ ತೆಗೀತಿಯೇನು?"

ಅವರ ಮಗಳು ಟೀಚರು. ಆ ಸೈಟಿನಲ್ಲಿ ದೇವದುರ್ಗದ ಕಡೆಯ ಒಬ್ಬ ಹುಡುಗ ಎಲ್ಲರಿಗೂ ಹಿಡಿಸಿದ್ದ. ಇವರು ಕೇಳಿ ಕಳಿಸಿದ್ದರು, ಅಷ್ಟರಲ್ಲಿ ನನ್ನ ಬೀಗ ಬಿತ್ತು. ಇನ್ನೇನು ಆಷಾಢ ಬಂತು, ಬಂದರೆ ಮಾತುಕತೆಯೇ ನಿಲ್ಲುತ್ತದೆ. ಪಾಪ, ಚಡಪಡಿಸುತ್ತಿದ್ದರು.

"ಫೋನಿನ್ಯಾಗ ನೋಡ್ರಲ್ಲ."

"ಫೋನಿನ್ಯಾಗ ಹುಡುಗನ ಮಾರಿ ಕಡ್ಲಿಕಾಳಿನಷ್ಟು ಕಾಣ್ತದ. ಅಳಿಯನ್ನ ಹಂಗ ಆರಿಸಾಕ ಬರ್ತದೇನು?"

"ಅದು ಕೆಲಸದ ಸೈಟ್ ಅಲ್ರೀ."

"ಹೆಣ್ಣುಮಗಳ ಲಗ್ನ ಮಾಡಿ ನೋಡು ಯವ್ವಾ, ಅದಕ್ಕಿಂತ ದೊಡ್ಡ ಕೆಲಸ ಯಾವುದದ?"

ಮಾನ್ವಿಯೊಂದಕ್ಕೆ, ಊಟದ ಹೊತ್ತಿಗೆ ಮಾತ್ರ ತೆರೆದುಕೊಟ್ಟೆ. ಹುಡುಗನಿಂದ ಉತ್ತರ ಬಂದಿರಲಿಲ್ಲ. ಮರುದಿನವೂ ಇಲ್ಲ.

"ಭಾಳ ಸೊಕ್ಕಿನಾವ ಇದ್ದಂಗ ಅದಾನ, ಬಿಡು" ಎಂದರು. ಬಿಡುವ ದನಿಯಲ್ಲ ಅದು. ನನಗೂ ಬೇಜಾರಾಯಿತು.

ಗುಣ ವಿಚಾರಣೆ

ಅದೇ ವಾರ ನನ್ನ ಪರದೆಯಲ್ಲಿ ಒಂದು ವಿಚಿತ್ರ ಕಂಡಿತು. ದೇವದುರ್ಗ ಶಾಖೆಯ ಕಾಟಾ ಕಂಪ್ಯೂಟರಿನಿಂದ ಯಾರೋ ಅದೇ ಲಗ್ನದ ಸೈಟಿನ ಬಾಗಿಲು ಬಡಿಯುತ್ತಲೇ ಇದ್ದಾರೆ. ಸುಮ್ಮನಿರಲಾಗದೆ ಫೋನ್ ಮಾಡಿದೆ. ಕಾಟಾ ನೋಡಿಕೊಳ್ಳುವ ಹುಡುಗ ಎತ್ತಿದ.

"ಮಲ್ಲಟದ ಮನಿತನ ಒಂದು ಬಂದಿತ್ತು ಮೇಡಂ, ಹುಡುಗಿ ಟೀಚರ್ ಅದಾರ. ಹೂಂ ಅನ್ನೋದ್ರೊಳಗ ಬಂದ್ ಆತು."

"ಫೋನಿನ್ಯಾಗ ಹೂಂ ಅನ್ಬೇಕಿತ್ತಲ್ಲೋ!"

"ಈ ತಗಡಿನ ಶೆಡ್ಡಿನ್ಯಾಗ ಸಿಗ್ನಲ್ ಇಲ್ರಿ. ಮನ್ಯಾಗ ತೆಗದ್ರ ಅಕ್ಕ ಇಣುಕಿ ನೋಡಿ ನಗ್ತಾಳ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾವನಿಗೂ ಅಳಿಯನಿಗೂ ಸಂಬಳ ಕೊಡುವವರು ಒಬ್ಬರೇ, ಇಬ್ಬರಿಗೂ ಬೀಗ ಹಾಕಿದವಳು ನಾನೊಬ್ಬಳೇ! ಆ ಸೈಟನ್ನು ಕೂಡಲೇ ತೆರೆದೆ. ಹುಡುಗ ಹೂಂ ಅಂದ.

ಹುಡುಗ ನಮ್ಮ ಗಿರಣಿಯವನೇ ಎಂದು ತಿಳಿದದ್ದೇ ತಡ, ಅಕೌಂಟೆಂಟರ ಫೋನ್.

"ಊರಾಗ ವಿಚಾರಿಸಿದ್ರ ಎಲ್ಲಾರೂ ಚಲೋ ಅಂತಾರ, ಅದನ್ನ ನಂಬಾಂಗಿಲ್ಲ. ಅವನ ನೆಟ್ ನಿನ್ನ ಕೈಯಾಗ ಅದ. ಅವ ಏನೇನ್ ನೋಡ್ತಾನ, ಖರೇ ಹೇಳು."

"ಅದೆಲ್ಲ ಹೇಳಬಾರದು ಯಪ್ಪಾ."

"ಅಂದ್ರ ಏನೋ ಅದ! ಈ ಸಂಬಂಧ ಬ್ಯಾಡೇ ಬ್ಯಾಡ."

ಬೀಗ ತೆಗೆದು ಕೂಡಿಸಿದ ಸಂಬಂಧ ನನ್ನ ಬಾಯಿಂದಲೇ ಮುರಿಯಬೇಕೆ? ಇದ್ದದ್ದನ್ನು ಹೇಳಿಬಿಟ್ಟೆ.

"ಬಿಲ್ ಕಳಿಸೋ ಸೈಟು, ನಿಮ್ಮ ಮಗಳ ಫೋಟೋ. ಇವೆರಡು ಬಿಟ್ಟು ಆ ಹುಡುಗ ಏನೂ ನೋಡಿಲ್ರೀ."

ಬೇರೆ ಏನೂ ತೆರೆಯದಂತೆ ನಾನೇ ಮಾಡಿದ್ದೆ ಎಂದು ಹೇಳುವಷ್ಟರಲ್ಲಿ ಅವರು ನಡುವೆ ಬಾಯಿ ಹಾಕಿದರು.

"ಈ ಕಾಲದಾಗ ಇಂಥ ಹುಡುಗ ಎಲ್ಲಿ ಸಿಗ್ತಾನ ಯವ್ವಾ!"

ಆಷಾಢಕ್ಕೆ ಮೊದಲೇ ಮಾನ್ವಿಯಲ್ಲಿ ನಿಶ್ಚಯವಾಯಿತು. ಊಟದ ಪಂಕ್ತಿಯಲ್ಲಿ ಹುಡುಗ ಮೆಲ್ಲಗೆ ನನ್ನ ಪಕ್ಕಕ್ಕೆ ಬಂದು ಕೂತ.

"ಮೇಡಂ, ಮಾವನೋರ ನೆಟ್ಟೂ ನಿಮ್ಮ ಕೈಯಾಗೇ ಅದ ಅಲ್ರೀ? ಮನಷ್ಯಾ ಹೆಂಗ?"

"ಭಾಳ ದೈವಭಕ್ತರಪ್ಪ" ಎಂದೆ. "ಊಟದ ತನಕ ಬರೇ ಮಂಗಳಾರತಿ ನೋಡ್ತಾರ."